ಹೃದಯಕ್ಕೂ ಕಿಡ್ನಿಗೂ ಮಾತಿಲ್ಲ

ಜುಲೈ ೩, ಗುರುವಾರ

ನಿದ್ದೆ ಬಾರದವನ ಕೈಗೆ ಪುಸ್ತಕ ಕೊಟ್ಟು ಬರೆ ಎಂದರೆ ಅದು ಮದ್ದು ಹೇಗಾಗುತ್ತದೋ ನನಗೆ ಗೊತ್ತಿಲ್ಲ. ಮಣಿಪಾಲದ ಡಾಕ್ಟರಮ್ಮ ಕೊಟ್ಟ ಪುಸ್ತಕದ ಹೆಸರು ‘ನಿದ್ರಾ ದಿನಚರಿ’. ಒಳಗೆ ಗೆರೆ ಎಳೆದು ಕೋಣೆ ಮಾಡಿದ್ದಾರೆ. ಮಲಗಿದ್ದು ಎಷ್ಟು ಹೊತ್ತಿಗೆ, ಎದ್ದದ್ದು ಎಷ್ಟು ಹೊತ್ತಿಗೆ, ನಡುವೆ ಎಷ್ಟು ಸಲ ಎಚ್ಚರ. ಕೊನೆಯ ಕೋಣೆಯಲ್ಲಿ ಐದು ದುಂಡು ಮುಖಗಳು, ನಗುವುದರಿಂದ ಹಿಡಿದು ಅಳುವುದರವರೆಗೆ. ಆ ದಿನ ನನ್ನ ಮುಖ ಯಾವುದೋ ಅದಕ್ಕೆ ಗುರುತು ಹಾಕಬೇಕಂತೆ. ಐದರಲ್ಲಿ ಸಿಟ್ಟಿನ ಮುಖ ಒಂದೂ ಇಲ್ಲ. ಅಂದ ಮೇಲೆ ನಾನು ಗುರುತು ಹಾಕುವುದು ಎಲ್ಲಿಗೆ?

ಆ ಪುಸ್ತಕವನ್ನು ಒಣಮೀನು ಕಟ್ಟಲಿಕ್ಕೆ ಹೆಂಡತಿ ಪುಷ್ಪಾವತಿಗೆ ಕೊಟ್ಟೆ. ಮಗಳು ಸೌಮ್ಯಶ್ರೀ ಶಾಲೆಗೆ ಹೋಗುವಾಗ ಉಳಿಸಿದ್ದ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೆ ಅಪ್ಪ ಶಾಲೆ ಬಿಡಿಸಿದ ಮೇಲೆ ಇಷ್ಟು ಉದ್ದ ಬರೆದದ್ದು ಇದೇ ಮೊದಲು. ಯಾರಿಗೂ ತೋರಿಸಬೇಕಾಗಿಲ್ಲವಂತೆ. ತೋರಿಸುವವನು ಯಾರು?

ಸಂಗತಿ ಇಷ್ಟು. ಕಾಪುವಿನಲ್ಲಿ ನಮ್ಮದೊಂದು ಕೈರಂಪಣಿ ಫಂಡು, ಪಾಲು ಹಾಕಿ ಬಲೆ ಎಳೆಯುವವರ ಕೂಟ. ದೋಣಿ ಬಲೆ ಬಿಡುತ್ತಾ ಕಡಲಿನಲ್ಲಿ ಅರ್ಧ ಸುತ್ತು ಹಾಕಿ ಬರುತ್ತದೆ, ನಲವತ್ತು ಜನ ದಡದಲ್ಲಿ ನಿಂತು ಎರಡೂ ಕಡೆಯ ಹಗ್ಗ ಎಳೆಯುತ್ತಾರೆ. ನಾನು ಎಳೆಯುವವನೂ ಅಲ್ಲ, ಹುಟ್ಟು ಹಾಕುವವನೂ ಅಲ್ಲ. ನಾನು ನೋಡುವವನು. ದೀಪಸ್ತಂಭದ ಪಕ್ಕದ ಬಂಡೆಯ ಮೇಲೆ ನಿಂತು ನೀರಿನ ಬಣ್ಣ ನೋಡಿ ಮೀನು ಬಂದಿದೆಯೋ ಇಲ್ಲವೋ ಹೇಳಬೇಕು. ಬಾಯಲ್ಲಿ ಹೇಳಿದರೆ ತೆರೆಯ ಸದ್ದಿಗೆ ಯಾರಿಗೂ ಕೇಳುವುದಿಲ್ಲ. ತಲೆಗೆ ಸುತ್ತಿದ ಬೈರಾಸು ಬಿಚ್ಚಿ ಎತ್ತಬೇಕು. ಬೈರಾಸು ಎದ್ದರೆ ದೋಣಿ ಹೊರಡಬೇಕು, ಎರಡು ಮಾತಿಲ್ಲ. ಮೂವತ್ತೊಂದು ವರ್ಷದಿಂದ ಆ ಬಂಡೆ ನನ್ನದು.

ಆಗಸ್ಟ್ ಮೂರಕ್ಕೆ ಭಜನಾ ಮಂದಿರದಲ್ಲಿ ಸಭೆ. ಈ ವರ್ಷ ಬಂಡೆಯ ಮೇಲೆ ಯಾರು ಎಂದು ಅಲ್ಲಿ ತೀರ್ಮಾನ. ಮದುವೆಯ ವಿಡಿಯೋ ತೆಗೆಯುವ ರೂಪೇಶ್, ತಾನು ಡ್ರೋನ್ ಹಾರಿಸಿ ಮೀನು ನೋಡುತ್ತೇನೆ, ವಾಸಣ್ಣನ ಕಣ್ಣು, ಅಂದರೆ ನನ್ನ ಕಣ್ಣು, ಇನ್ನು ಸಾಕು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಜನವರಿಯಿಂದ ನನಗೆ ನಿದ್ದೆ ಇಲ್ಲ. ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಮಾಡಿನ ಹಂಚು ಎಣಿಸುವ ಕೆಲಸ. ಬೆಳಿಗ್ಗೆ ಕಣ್ಣು ಬಂಗುಡೆಯ ಕಿವಿರಿನ ಹಾಗೆ ಕೆಂಪು. ಈ ಕಣ್ಣು ಹೊತ್ತುಕೊಂಡು ಸಭೆಗೆ ಹೋದರೆ ರೂಪೇಶನಿಗೆ ಬಾಯಿ ತೆರೆಯುವ ಕೆಲಸವೂ ಇಲ್ಲ. ಒಂದು ತಿಂಗಳಲ್ಲಿ ನಿದ್ದೆ ಬರಬೇಕು.

ಜುಲೈ ೪, ಶುಕ್ರವಾರ

ನಿನ್ನೆ ಡಾಕ್ಟರಮ್ಮನ ವಿಷಯ ಬರೆಯಲಿಲ್ಲ, ಕೈ ನೋಯುತ್ತಿತ್ತು.

ಹೆಸರು ಶ್ರೀವಾಣಿ. ಉಡುಪಿಯ ಭಟ್ಟರ ಮನೆಯ ಹುಡುಗಿ. ಚೀನಾಕ್ಕೆ ಹೋಗಿ ಎರಡು ವರ್ಷ ಸೂಜಿ ಚುಚ್ಚುವುದು ಕಲಿತು ಬಂದಿದ್ದಾಳೆ. ಟೈಗರ್ ಸರ್ಕಲಿನ ಹಿಂದಿನ ಓಣಿಯಲ್ಲಿ ಮಹಡಿಯ ಮೇಲೆ ಕ್ಲಿನಿಕ್. ಮಾತ್ರೆ ನುಂಗುವುದಿಲ್ಲ ಎಂದು ನಾನು ಹಟ ಹಿಡಿದದ್ದಕ್ಕೆ ಸೌಮ್ಯಶ್ರೀ ಇವಳನ್ನು ಹುಡುಕಿದ್ದು.

“ನಾಲಗೆ ಹೊರಗೆ ಹಾಕಿ” ಎಂದಳು. ಹಾಕಿದೆ. ಟಾರ್ಚ್ ಬಿಟ್ಟು ನೋಡಿದಳು. ನೋಡಿಯೇ ನೋಡಿದಳು. ಸುಂಕದವನು ಚೀಲ ನೋಡಿದ ಹಾಗೆ.

“ತುದಿ ಕೆಂಪು. ಬದಿಯಲ್ಲಿ ಹಲ್ಲಿನ ಗುರುತು” ಎಂದು ಬರೆದುಕೊಂಡು, ಮೂರು ಬೆರಳು ಮಣಿಕಟ್ಟಿಗೆ ಇಟ್ಟು ಕಣ್ಣು ಮುಚ್ಚಿದಳು. ಮತ್ತೆ ಹೇಳಿದಳು: “ಹೃದಯ ಅಂದರೆ ಬೆಂಕಿ, ಕಿಡ್ನಿ ಅಂದರೆ ನೀರು. ಒಂದಕ್ಕೊಂದು ಮಾತಾಡಿಕೊಂಡಿದ್ದರೆ ನಿದ್ದೆ ಬರುತ್ತದೆ. ನಿಮ್ಮಲ್ಲಿ ಎರಡೂ ಮಾತು ಬಿಟ್ಟಿವೆ. ನೀರು ಕಡಿಮೆಯಾಗಿದೆ.”

“ನನ್ನಲ್ಲಿ ನೀರು ಕಡಿಮೆಯಾ? ಹುಟ್ಟಿದ ಲಾಗಾಯ್ತು ಉಪ್ಪುನೀರಿನಲ್ಲೇ ಇದ್ದೇನೆ ಮಾರಾಯ್ತಿ.”

“ಅದು ಹೊರಗಿನ ನೀರು.”

“ನಾಲಗೆ ನೋಡಿ ಕಿಡ್ನಿಯ ವಿಷಯ ಹೇಳಲಿಕ್ಕೆ ಆಗುತ್ತದಾ?”

“ಒಳಗೆ ಇರುವುದು ಹೊರಗೆ ಬಣ್ಣ ತೋರಿಸದೆ ಇರುವುದಿಲ್ಲ” ಎಂದಳು. ಇಂತಹ ಮಾತು ಹೇಳಲಿಕ್ಕೆ ಚೀನಾಕ್ಕೆ ಹೋಗಬೇಕಾ? ನಮ್ಮ ಬಸ್ ಸ್ಟ್ಯಾಂಡಿನ ಗಿಣಿಶಾಸ್ತ್ರದವನೂ ಹೇಳುತ್ತಾನೆ.

ಎರಡು ಗಂಟೆಗೆ ಎಚ್ಚರವಾಗುತ್ತದೆ ಎಂದದ್ದಕ್ಕೆ ಇನ್ನೊಂದು ಶಾಸ್ತ್ರ. ಒಂದರಿಂದ ಮೂರು ಲಿವರಿನ ಹೊತ್ತಂತೆ. ಸಿಟ್ಟು ತಡೆದಿಟ್ಟವರಿಗೆ ಆ ಹೊತ್ತಿಗೆ ಎಚ್ಚರವಾಗುತ್ತದಂತೆ.

ಮೂಲೆಯಲ್ಲಿ ಕೂತಿದ್ದ ಪುಷ್ಪಾವತಿ ನಕ್ಕಳು. “ಇವರು ಸಿಟ್ಟು ತಡೆದದ್ದನ್ನು ನಲವತ್ತೈದು ವರ್ಷದಲ್ಲಿ ನಾನು ನೋಡಲಿಲ್ಲ ಡಾಕ್ಟ್ರೇ.”

“ಹಾಗಾದರೆ ಮಾತು ತಡೆದಿರಬೇಕು. ನಿದ್ದೆ ಹೋದದ್ದು ಜನವರಿಯಲ್ಲಿ ಅಂದಿರಿ. ಜನವರಿಯಲ್ಲಿ ಏನಾಗಿತ್ತು?”

“ಚಳಿ” ಎಂದೆ.

ಕಾಪುವಿನಲ್ಲಿ ಚಳಿಯಾ ಎಂದು ಅವಳು ಕೇಳಲಿಲ್ಲ. ಬರೆದುಕೊಂಡಳು.

ಜುಲೈ ೭, ಸೋಮವಾರ

ಸೂಜಿ ಹಾಕಿಸಿಕೊಂಡು ಬಂದೆ. ನಮ್ಮ ಬಲೆ ಕಟ್ಟುವ ಸೂಜಿ ಒಂದು ಗೇಣು ಉದ್ದ, ಹಿಡಿದರೆ ಹಿಡಿದ ಹಾಗೆ ಉಂಟು. ಇವಳದ್ದು ಕೂದಲಿನ ಹಾಗೆ. ಇದರಲ್ಲಿ ಯಾವ ಹರುಕು ಹೊಲಿಯುತ್ತಾಳೆ? ಕೈಗೆ, ಕಾಲಿಗೆ, ಹುಬ್ಬಿನ ನಡುವೆ, ನಡುನೆತ್ತಿಗೆ, ಒಟ್ಟು ಒಂಬತ್ತು. ನೋವಿಲ್ಲ. ನೋವಿಲ್ಲದ ಮದ್ದು ಮದ್ದೇ ಅಲ್ಲ.

“ಮಾತಾಡಬಹುದಾ?” ಎಂದೆ.

“ಮಾತಾಡಿ. ಕೈ ಬೀಸಬೇಡಿ.”

“ಕೈ ಬೀಸದೆ ಮಾತಾಡಲಿಕ್ಕೆ ನಾನು ರೇಡಿಯೋವಾ?”

ನೀರಿನ ಬಣ್ಣ ನೋಡುವುದೆಂದರೆ ಹೇಗೆ ಎಂದು ಕೇಳಿದಳು. ಭಟ್ಟರ ಮಗಳು, ಮೀನು ಮುಟ್ಟಿದವಳಲ್ಲ. ಇವಳಿಗೆ ಎಂತಕ್ಕೆ ಎಂದು ಕಂಡಿತು, ಆದರೂ ಮಲಗಿದವನಿಗೆ ಬೇರೆ ಕೆಲಸ ಇಲ್ಲವಲ್ಲ, ಹೇಳಿದೆ. ಬೂತಾಯಿ ಬಂದರೆ ನೀರು ನೇರಳೆ ಹಣ್ಣು ಜಜ್ಜಿ ಕಲಸಿದ ಹಾಗೆ ಕಾಣುತ್ತದೆ. ಬಂಗುಡೆಯಾದರೆ ಅದಕ್ಕೆ ಚೂರು ಕೆಂಪು. ಮೋಡದ ನೆರಳೂ ಹಾಗೆಯೇ ಕಾಣುತ್ತದೆ, ಆದರೆ ನೆರಳು ಗಾಳಿ ಹೋದ ಕಡೆಗೆ ಹೋಗುತ್ತದೆ, ಮೀನು ಗಾಳಿಯ ಮಾತು ಕೇಳುವುದಿಲ್ಲ. ಕಲ್ಲಿನ ಬಣ್ಣ ಎಲ್ಲಿಗೂ ಹೋಗುವುದಿಲ್ಲ. ಹೊಸಬರು ಮೋಸ ಹೋಗುವುದು ಇಲ್ಲೇ. ಕೊಡ್ಡಾಯಿ ಮೀನಿನ ವಿಷಯ ಶುರು ಮಾಡಿದ್ದು ನೆನಪುಂಟು. ಮತ್ತೆ ನೋಡಿದರೆ ಅವಳು ಸೂಜಿ ತೆಗೆಯುತ್ತಿದ್ದಳು.

“ಅರ್ಧ ಗಂಟೆ ಮಲಗಿದಿರಿ.”

“ಕಣ್ಣು ಮುಚ್ಚಿದ್ದೆ.”

“ಗೊರಕೆ ಹೊಡೆದಿರಿ.”

“ಅದು ಕೆಮ್ಮು.”

ಜುಲೈ ೮, ಮಂಗಳವಾರ

ರಾತ್ರಿ ನಿದ್ದೆ ಇಲ್ಲ. ಸೂಜಿ ಸುಳ್ಳು.

ಜುಲೈ ೧೧, ಶುಕ್ರವಾರ

ಈ ಸಲ ಕಿವಿಗೆ ಬೀಜ. ಸಾಸಿವೆಯಷ್ಟು ದೊಡ್ಡ ಕಪ್ಪು ಬೀಜಗಳನ್ನು ಅಂಟುಪಟ್ಟಿಯಲ್ಲಿ ಕಿವಿಗೆ ಒತ್ತಿ ಕಳಿಸಿದ್ದಾಳೆ, ಒಂದು ಕಿವಿಗೆ ಐದರಂತೆ. ದಿನಕ್ಕೆ ನಾಲ್ಕು ಸಲ ಒತ್ತಬೇಕು. ಎಲ್ಲಿ ಒತ್ತಿದರೆ ಲಿವರು, ಎಲ್ಲಿ ಒತ್ತಿದರೆ ಹೃದಯ ಎಂದು ಚೀಟಿ ಕೊಟ್ಟಿದ್ದಾಳೆ. ಚೀಟಿಯಲ್ಲಿ ಕಿವಿಯ ಚಿತ್ರ, ಒಳಗೆ ತಲೆಕೆಳಗಾಗಿ ಮಲಗಿದ ಒಂದು ಮಗು. ನಮ್ಮ ಕಿವಿಯೊಳಗೆ ನಾವೇ ತಲೆಕೆಳಗಾಗಿ ಇದ್ದೇವಂತೆ. ಅದೊಂದು ಮಾತ್ರ ಸರಿ ಇರಬಹುದು.

ಸಂಜೆ ಚಹಾದ ಹೋಟೆಲಿನಲ್ಲಿ ರೂಪೇಶ್ ಸಿಕ್ಕಿದ.

“ಎಂತ ವಾಸಣ್ಣ, ಕಿವಿಯಲ್ಲಿ ಹರಿವೆ ಬಿತ್ತಿದ್ದಾ?”

“ಮದ್ದು.”

“ಯಾವ ಕಡೆಯ ಮದ್ದು?”

“ಚೀನಾದ್ದು.”

“ನನ್ನ ಡ್ರೋನೂ ಚೀನಾದ್ದೇ. ನನ್ನದು ಹಾರುತ್ತದೆ.”

ಹೋಟೆಲೆಲ್ಲ ನಕ್ಕಿತು. ಅವನಿಗೆ ಧೈರ್ಯ ಬಂತು. “ಬೇಸರ ಮಾಡಬೇಡಿ ವಾಸಣ್ಣ, ಮೇಲಿನಿಂದ ನೀರು ನೋಡಿ ಅಡಿಯಲ್ಲಿ ಎಂತ ಉಂಟು ಅಂತ ಹೇಳುವುದು ಒಂದು ಅಂದಾಜು, ಅಲ್ವಾ? ಸಯನ್ಸ್ ಅಲ್ಲ.”

ಚಹಾದ ಗ್ಲಾಸು ಇಟ್ಟು ಹೇಳಿದೆ. “ಮೀಸೆ ಬಂದ ಮೇಲಾದರೂ ಇದು ತಿಳಿದುಕೊ. ಒಳಗೆ ಇರುವುದು ಹೊರಗೆ ಬಣ್ಣ ತೋರಿಸದೆ ಇರುವುದಿಲ್ಲ. ನಿನಗೆ ಕಾಣದಿದ್ದರೆ ಅದು ನೀರಿನ ತಪ್ಪಲ್ಲ.”

ಒಳ್ಳೆಯ ಮಾತು. ಆ ಹೊತ್ತಿಗೆ ಹೇಗೆ ಹೊಳೆಯಿತೋ.

ಜುಲೈ ೧೩, ಭಾನುವಾರ

ಸೌಮ್ಯಶ್ರೀಯನ್ನು ಹಿರಿಯಡ್ಕಕ್ಕೆ ಮದುವೆ ಮಾಡಿ ಕೊಟ್ಟದ್ದು. ಅವಳ ಗಂಡನ ಸ್ನೇಹಿತ ಬ್ರ್ಯಾಂಡನ್ ಎಂಬವನು ಕಾರ್ಕಳದಲ್ಲಿ ಕಲ್ಲಿನ ದಿಂಬಿನ ಅಂಗಡಿ ಇಟ್ಟಿದ್ದಾನೆ. ಡಾಕ್ಟರಮ್ಮನ ಸೂಜಿಯ ಜೊತೆಗೆ ಇದೂ ಇರಲಿ ಎಂದು ಮಗಳು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು.

ಅಂಗಡಿಯಲ್ಲಿ ಸುಗಂಧದ ಹೊಗೆ, ನೀರು ಸುರಿಯುವ ಸದ್ದಿನ ಪೆಟ್ಟಿಗೆ. ಬ್ರ್ಯಾಂಡನ್ ಬಿಳಿ ಜುಬ್ಬ ಹಾಕಿ ಮೆಲ್ಲಗೆ ಮಾತಾಡುತ್ತಾನೆ, ಯಾರೋ ಪಕ್ಕದ ಕೋಣೆಯಲ್ಲಿ ಸತ್ತಿದ್ದಾರೆ ಎಂಬ ಹಾಗೆ. “ಅಂಕಲ್, ಹಿಂದೆ ಚೀನಾದ ರಾಜರು ಕಲ್ಲಿನ ದಿಂಬಿನ ಮೇಲೆ ಮಲಗುತ್ತಿದ್ದರು. ತಲೆಯ ಉಷ್ಣವನ್ನು ಕಲ್ಲು ಎಳೆದುಕೊಳ್ಳುತ್ತದೆ. ಅವರದ್ದು ಹಸಿರು ಕಲ್ಲು. ಅದೇ ತತ್ವದಲ್ಲಿ ನಾವು ಕಾರ್ಕಳದ ಕಪ್ಪು ಕಲ್ಲಿನಲ್ಲಿ ಮಾಡಿಸಿದ್ದೇವೆ.”

“ಆ ರಾಜರು ಈಗ ಎಲ್ಲಿದ್ದಾರೆ?”

“ಈಗ ಇಲ್ಲ ಅಂಕಲ್.”

“ನಿದ್ದೆ ಇಲ್ಲದೆ ಹೋದರು.”

ಸೌಮ್ಯಶ್ರೀ ನನ್ನ ಕೈ ಚಿವುಟಿದಳು. ನಾನು ಬಿಡಲಿಲ್ಲ. “ಇದೇ ಊರಿನ ಗುಡ್ಡೆಯ ಮೇಲೆ ಕಲ್ಲಿನಲ್ಲೇ ಮಾಡಿದವನು ಒಬ್ಬ ಇದ್ದಾನೆ. ಮೈಯೆಲ್ಲ ಕಲ್ಲು. ಆರುನೂರು ವರ್ಷ ಆಯಿತು, ಇನ್ನೂ ನಿಂತೇ ಇದ್ದಾನೆ. ಮಲಗಿದ್ದು ನೀನು ನೋಡಿದ್ದೀಯಾ?”

ಬ್ರ್ಯಾಂಡನ್ ಪಾಪದವನು. ಸ್ವಲ್ಪ ಯೋಚಿಸಿ, “ಅವರಿಗೆ ನಿದ್ದೆ ಬೇಡ ಅಂಕಲ್, ಅವರು ಎಲ್ಲ ಬಿಟ್ಟವರು” ಎಂದ. ದಿಂಬು ತೆಗೆದುಕೊಂಡು ಬಂದೆವು.

ಜುಲೈ ೧೪, ಸೋಮವಾರ

ಕುತ್ತಿಗೆ.

ಜುಲೈ ೧೫, ಮಂಗಳವಾರ

ಕಲ್ಲಿನ ದಿಂಬನ್ನು ಪುಷ್ಪಾವತಿ ಮಾವಿನ ಉಪ್ಪಿನಕಾಯಿಯ ಭರಣಿಯ ಮುಚ್ಚಳಕ್ಕೆ ಹೇರಿದ್ದಾಳೆ. ಉಪ್ಪಿನಕಾಯಿ ಚೆನ್ನಾಗಿ ಮಲಗಿದೆ.

ಜುಲೈ ೧೭, ಗುರುವಾರ

ಇನ್ನು ಮಣಿಪಾಲಕ್ಕೆ ಹೋಗುವುದಿಲ್ಲ.

ಇವತ್ತು ಒಂಬತ್ತು ಸೂಜಿ ಹಾಕಿ, ಕುರ್ಚಿ ಎಳೆದು ಹತ್ತಿರ ಕೂತು, ಮೆಲ್ಲಗೆ ಮತ್ತೆ ಜನವರಿಗೆ ಬಂದಳು. ಸೂಜಿ ಚುಚ್ಚಿಸಿಕೊಂಡವನು ಗಾಳಕ್ಕೆ ಸಿಕ್ಕಿದ ಕಾಣೆ ಮೀನಿನ ಹಾಗೆ, ಎಲ್ಲಿಗೆ ಹೋಗುತ್ತಾನೆ? ಹೇಳಿದೆ. ಜನವರಿಯ ಒಂದು ಬುಧವಾರ ನಾನು ಬಂಡೆಯ ಮೇಲೆ ಇದ್ದೆ. ಬೈರಾಸು ಎದ್ದಿತು. ದೋಣಿ ಹೊರಟಿತು. ಚುಕ್ಕಾಣಿಯಲ್ಲಿ ದೂಮ, ದೂಮಣ್ಣ ಎಂದು ಊರು ಕರೆಯುತ್ತದೆ, ನನಗಿಂತ ಎಂಟು ವರ್ಷ ಚಿಕ್ಕವನು. ಮೂರು ಗಂಟೆ ಹಗ್ಗ ಎಳೆದರು. ಬಂದದ್ದು ಯಾರೂ ತಿನ್ನದ ಅಂಬಲಿಮೀನು ಎರಡು ಬುಟ್ಟಿ, ಒಂದು ಚಪ್ಪಲಿ. ನಲವತ್ತು ಜನ ಹಗ್ಗ ಬಿಟ್ಟು ನನ್ನ ಮುಖ ನೋಡಿದರು. “ಮೀನಿತ್ತು. ದೂಮ ದೋಣಿ ತಡ ಮಾಡಿದ, ಹಿಂಡು ತಪ್ಪಿಸಿಕೊಂಡಿತು” ಎಂದೆ. ಊರಿನ ಬಾಯಿ ಅವನ ಮೇಲೆ ತಿರುಗಿತು. ಅವನು ಒಂದು ಮಾತೂ ಆಡದೆ ಚುಕ್ಕಾಣಿ ಬಿಟ್ಟು ಮನೆಗೆ ಹೋದ. ಆಮೇಲೆ ದೋಣಿ ಹತ್ತಲಿಲ್ಲ. ಬಾದಾಮಿ ಮರದ ಅಡಿಯಲ್ಲಿ ಕೂತು ಬೇರೆಯವರ ಬಲೆ ಕಟ್ಟುತ್ತಾನೆ. ನನಗೂ ಅವನಿಗೂ ಮಾತಿಲ್ಲ. ಇದಿಷ್ಟು ಹೇಳಿದೆ.

ಅವಳು ಕೇಳಿದಳು. “ತಪ್ಪಿ ಬೈರಾಸು ಎತ್ತಿದರೆ ಏನು ಮಾಡುತ್ತೀರಿ?”

“ತಪ್ಪಿ ಯಾರು ಎತ್ತುತ್ತಾರೆ?”

“ಯಾರೋ. ಒಂದು ವೇಳೆ.”

ನಾನು ಎದ್ದೆ. ಅಯ್ಯೋ ಅಲ್ಲಾಡಬೇಡಿ ಎನ್ನುತ್ತಾ ಕೈಯದ್ದು ಕಾಲಿನದ್ದು ಹುಬ್ಬಿನದ್ದು ಕಿತ್ತಳು. ಉಳಿದದ್ದಕ್ಕೆ ನಿಲ್ಲದೆ ಮೆಟ್ಟಿಲಿಳಿದು ಉಡುಪಿಯ ಬಸ್ಸು ಹತ್ತಿದೆ. ಇಂದ್ರಾಳಿ ದಾಟುವಾಗ ಹಿಂದಿನ ಸೀಟಿನ ಹೆಂಗಸು ನನ್ನ ಹೆಗಲು ಮುಟ್ಟಿ, “ಅಜ್ಜ, ನಿಮ್ಮ ತಲೆಯಲ್ಲಿ ಏರಿಯಲ್ ಉಂಟು” ಎಂದಳು. ಕೈ ಹಾಕಿ ನೋಡಿದರೆ ನಡುನೆತ್ತಿಯ ಸೂಜಿ ನೆಟ್ಟಗೆ ನಿಂತಿದೆ. ಬಸ್ಸಿನಲ್ಲಿ ಒಬ್ಬನೂ ನಗಲಿಲ್ಲ. ಅದು ಇನ್ನೂ ದೊಡ್ಡ ಅವಮಾನ.

ಜುಲೈ ೨೦, ಭಾನುವಾರ

ರೂಪೇಶ್ ಮನೆಗೆ ಬಂದಿದ್ದ. ಕೈಯಲ್ಲಿ ಹಣ್ಣಿನ ಚೀಲ. ಇವನು ಹಣ್ಣು ತರುವವನಲ್ಲ.

“ವಾಸಣ್ಣ, ಊರಿನಲ್ಲಿ ಗಲಾಟೆ ಬೇಡ. ಬಂಡೆ ನಿಮಗೇ ಇರಲಿ. ಡ್ರೋನ್ ನಿಮ್ಮ ಸಹಾಯಕ್ಕೆ. ಆದರೆ ಆ ಹುಟ್ಟಿನ ದೋಣಿ ಸಾಕು. ಹೂಡೆಯಲ್ಲಿ ಇಂಜಿನ್ ದೋಣಿ ಒಂದು ನೋಡಿ ಇಟ್ಟಿದ್ದೇನೆ. ಅದು ಬಂದರೆ ದೂಮಣ್ಣನ ವಿಷಯವೇ ಏಳುವುದಿಲ್ಲ. ಚುಕ್ಕಾಣಿಗೆ ನನ್ನ ಬಾವ ಇದ್ದಾನೆ. ಜನವರಿಯಲ್ಲಿ ದೋಣಿ ತಡವಾದದ್ದನ್ನು ನೀವು ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿದರೆ ಸಾಕು.”

“ಹೇಳಿದರೆ ಬಂಡೆ ನನಗೆ?”

“ನಿಮಗೆ.”

ಸರಿ ಎಂದೆ. ಅಂದರೆ ಗೆದ್ದೆ. ಕಣ್ಣಿನ ಕೆಂಪು ನೋಡುವವರು ಇನ್ನು ಯಾರೂ ಇಲ್ಲ.

ಹಣ್ಣನ್ನು ಪುಷ್ಪಾವತಿ ಮುಟ್ಟಲಿಲ್ಲ. “ದೂಮಣ್ಣ ಇನ್ನು ಆ ಮರದ ಅಡಿಯಲ್ಲೇ ಸಾಯಬೇಕಾ?” ಎಂದಳು. ನನ್ನನ್ನು ಕೇಳಿದ್ದಲ್ಲ, ಬಾಳೆಹಣ್ಣನ್ನು ಕೇಳಿದ್ದು.

ಜುಲೈ ೨೧, ಸೋಮವಾರ

ಒಂದು ಕಣ್ಣೂ ಮುಚ್ಚಲಿಲ್ಲ. ಗೆದ್ದವನಿಗೆ ನಿದ್ದೆ ಬರಬೇಕಿತ್ತು. ಲಿವರಿಗೆ ಗೊತ್ತಾಗಲಿಲ್ಲವೋ ಏನೋ.

ಜುಲೈ ೨೨, ಮಂಗಳವಾರ

ಜನವರಿಯ ಆ ಬುಧವಾರ ಬೆವರು ಕಣ್ಣಿಗೆ ಇಳಿದಿತ್ತು. ಬೈರಾಸು ಬಿಚ್ಚಿ ಮುಖ ಒರೆಸಿದೆ. ಒರೆಸುವಾಗ ಕೈ ಮೇಲೆ ಹೋಯಿತು. ಕಣ್ಣು ಬಿಟ್ಟು ನೋಡುವಾಗ ದೋಣಿ ಹೊರಟಾಗಿತ್ತು. ನೀರಿನಲ್ಲಿ ಬಣ್ಣವೇ ಇರಲಿಲ್ಲ.

ಕೂಗಬಹುದಿತ್ತು. ಓಡಿ ಇಳಿದು ನಿಲ್ಲಿಸಬಹುದಿತ್ತು. ಮೂವತ್ತೊಂದು ವರ್ಷ ನೋಡಿದವನು ಬೆವರು ಒರೆಸಿ ದೋಣಿ ಬಿಟ್ಟ ಎಂದರೆ ನಗುತ್ತಾರೆ ಎಂದು ನಿಂತೆ. ಎಲ್ಲಿಯಾದರೂ ನಾಲ್ಕು ಮೀನು ಬಿದ್ದರೆ ಮುಗಿಯಿತು ಎಂದು ನಿಂತೆ. ಚಪ್ಪಲಿ ಬಂತು. ಎಲ್ಲರೂ ನೋಡುವಾಗ ಬಾಯಿಗೆ ಮೊದಲು ಬಂದ ಹೆಸರು ದೂಮನದ್ದು.

ಹಾಳಾದ ಪುಸ್ತಕ. ಇದನ್ನು ಬರೆಯಬಾರದಿತ್ತು.

ಜುಲೈ ೨೪, ಗುರುವಾರ

ಸೂಜಿ ವಾಪಸು ಕೊಡಲಿಕ್ಕೆ ಹೋದೆ. ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಇಟ್ಟು ತೆಗೆದುಕೊಂಡು ಹೋದೆ. ಬೇರೆಯವರ ಸಾಮಾನು ನನಗೆ ಬೇಡ.

ಡಾಕ್ಟರಮ್ಮ ಒಬ್ಬರೇ ಕೂತು ಮಜ್ಜಿಗೆ ಅನ್ನ ಊಟ ಮಾಡುತ್ತಿದ್ದರು. ಕಾಯುವವರ ಕುರ್ಚಿ ಆರು. ಆರೂ ಖಾಲಿ. ನಾನು ಹೋದ ದಿನವೆಲ್ಲ ಖಾಲಿಯೇ ಇದ್ದದ್ದು ಇವತ್ತು ಗಮನಕ್ಕೆ ಬಂತು.

“ಬೇರೆಯವರು ಯಾರೂ ಬರುವುದಿಲ್ಲವಾ?”

“ಬರುತ್ತಾರೆ. ಕುತ್ತಿಗೆ ನೋವಿನ ಮೇಷ್ಟ್ರು ಒಬ್ಬರು ಬರುತ್ತಿದ್ದರು. ಅವರು ಈಗ ಯಾರದ್ದೋ ಕಲ್ಲಿನ ದಿಂಬು ತೆಗೆದುಕೊಂಡರಂತೆ.”

“ಅವರ ಕುತ್ತಿಗೆ ಇನ್ನು ಇಲ್ಲ ಅಂತ ತಿಳಿಯಿರಿ” ಎಂದೆ. ನಕ್ಕರು. ಅಪ್ಪನಿಗೆ ಈ ಸೂಜಿಯ ವಿದ್ಯೆಯಲ್ಲಿ ನಂಬಿಕೆ ಇಲ್ಲವಂತೆ, ಬಾಗಿಲು ಹಾಕಿ ಎಲ್ಲಿಯಾದರೂ ಕೆಲಸಕ್ಕೆ ಸೇರು ಎನ್ನುತ್ತಾರಂತೆ. “ನಾಲಗೆ ನೋಡಿ ರೋಗ ಹೇಳುವುದನ್ನು ಯಾರು ನಂಬುತ್ತಾರೆ ಅಂತ ಮನೆಯಲ್ಲಿ ತಮಾಷೆ” ಎಂದರು.

“ತಮಾಷೆ ಮಾಡುವವರನ್ನು ಮುಂದೆ ನಿಲ್ಲಿಸಿ ಹೇಳಬೇಕು” ಎಂದೆ.

“ಎಂತ ಹೇಳುವುದು?”

“ಎಂತಾದರೂ. ಗಟ್ಟಿಯಾಗಿ.”

ಬಂದವರು ಬಂದಿರಲ್ಲ ಎಂದು ಸೂಜಿ ಹಾಕಿದರು. ಜನವರಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಗಸ್ಟ್ ೩, ಭಾನುವಾರ

ಸಭೆ ಮುಗಿಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಂದಿರದಲ್ಲಿ ಐವತ್ತು ಜನ. ಊರಿನ ಹಿರಿಯರಾದ ಗುರಿಕಾರರು ಕುರ್ಚಿಯಲ್ಲಿ, ಉಳಿದವರು ಚಾಪೆಯಲ್ಲಿ. ದೂಮ ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ಕೂತಿದ್ದ, ಎದ್ದು ಹೋಗಲಿಕ್ಕೆ ಸುಲಭ ಎಂಬ ಹಾಗೆ. ರೂಪೇಶ್ ಗೋಡೆಗೆ ಬಿಳಿ ವಸ್ತ್ರ ಕಟ್ಟಿ ಡ್ರೋನಿನ ಚಿತ್ರ ಹಾಕಿದ. ನೀರು, ಮತ್ತೆ ನೀರು, ನಡುವೆ ಒಬ್ಬಳು ಮದುಮಗಳು ಅಳುತ್ತಾ ಕಾರು ಹತ್ತಿದಳು, ಮತ್ತೆ ನೀರು. ಹಳೆಯ ಮದುವೆಯ ತುಂಡು ಸೇರಿಕೊಂಡದ್ದಂತೆ. ಒಬ್ಬ ಮುದುಕ, ಅದು ಯಾವ ಜಾತಿಯ ಮೀನು ಎಂದು ಕೇಳಿದ.

ಆಮೇಲೆ ರೂಪೇಶ್ ಭಾಷಣ. ವಾಸಣ್ಣನ ಕಣ್ಣು ಸರಿ ಉಂಟು, ಮೀನು ಇದ್ದದ್ದು ಹೌದು, ಹುಟ್ಟು ತಡವಾದದ್ದು, ಹಾಗಾಗಿ ಹುಟ್ಟೂ ಬೇಡ, ಹಳೆಯ ಚುಕ್ಕಾಣಿಯೂ ಬೇಡ. ಎಲ್ಲರೂ ತಲೆ ಆಡಿಸಿದರು. ದೂಮ ನೆಲ ನೋಡುತ್ತಿದ್ದ.

ಗುರಿಕಾರರು ಹೇಳಿದರು. “ಹಾಗಾದರೆ ಬರೆದು ಹಾಕುವ. ವಾಸು, ಆ ದಿನ ಆದದ್ದನ್ನು ನೀನೇ ಒಮ್ಮೆ ಹೇಳು. ಪುಸ್ತಕದಲ್ಲಿ ಬರೆಯಲಿ. ನಾಳೆ ಯಾರೂ ಹಾಗಲ್ಲ ಹೀಗೆ ಅನ್ನಬಾರದು.”

ಕಾರ್ಯದರ್ಶಿ ಪೆನ್ನಿನ ಟೋಪಿ ತೆಗೆದು ಕಾದ. ನಾನು ಎದ್ದೆ. ‘ದೂಮ ತಡ ಮಾಡಿದ’. ಮೂರೇ ಶಬ್ದ. ಜನವರಿಯಲ್ಲಿ ಹೇಳಿದ್ದೇ, ಹೊಸತಲ್ಲ. ಆದರೆ ಆ ಪೆನ್ನು ನನ್ನ ಬಾಯಿಯನ್ನೇ ನೋಡುತ್ತಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ, ಬಂತು.

“ಬರಿ” ಎಂದೆ. “ಮೀನು ಇರಲಿಲ್ಲ. ನಾನು ಬೆವರು ಒರೆಸಿದ್ದು. ದೋಣಿ ತಡವಾಗಲಿಲ್ಲ. ತಪ್ಪು ನನ್ನದು, ದೂಮನ ಹೆಸರು ಹೇಳಿದ್ದೂ ನನ್ನದೇ ತಪ್ಪು. ಬರೆದದ್ದಾಯಿತಾ? ಓದು.”

ಅವನು ಓದಲಿಲ್ಲ. ಕಂಬದ ಹತ್ತಿರದಿಂದ ದೂಮನ ಸ್ವರ ಬಂತು, ಏಳು ತಿಂಗಳ ಮೇಲೆ.

“ನನಗೆ ಗೊತ್ತಿತ್ತು.”

“ಎಂತ ಗೊತ್ತಿತ್ತು?”

“ನೀನು ಮುಖ ಒರೆಸಿದ್ದು. ಮೀನಿಗೆ ನೀನು ಒಂದು ಕೈಯಲ್ಲಿ ಎತ್ತುತ್ತಿ. ಆ ದಿನ ಎರಡು ಕೈ. ದೋಣಿಯಿಂದ ಕಂಡಿತು.”

“ಕಂಡಿತಾದರೆ ಬಲೆ ಯಾಕೆ ಬಿಟ್ಟದ್ದು ಮಾರಾಯ?”

“ಬೈರಾಸು ಎದ್ದಿತು, ಬಿಟ್ಟೆ. ಇದು ಮೀನಿಗೆ ಎತ್ತಿದ್ದೋ ಬೆವರಿಗೆ ಎತ್ತಿದ್ದೋ ಅಂತ ನಾನು ದೋಣಿಯಲ್ಲಿ ಕೂತು ತೀರ್ಮಾನ ಮಾಡಲಿಕ್ಕೆ ಹೊರಟರೆ, ಮತ್ತೆ ಬಂಡೆಯ ಮೇಲೆ ನೀನು ಯಾಕೆ? ಒಂದು ಕಾಗೆ ಸಾಕು.”

ನನ್ನ ತಲೆ ಕೆಟ್ಟಿತು. “ಏಳು ತಿಂಗಳು ಗೊತ್ತಿದ್ದೂ ಬಾಯಿ ಮುಚ್ಚಿ ಕೂತದ್ದಾ? ನಾನಿಲ್ಲಿ ಕಿವಿಗೆ ಬೀಜ ಅಂಟಿಸಿಕೊಂಡು, ತಲೆಗೆ ಸೂಜಿ ಕುತ್ತಿಸಿಕೊಂಡು ತಿರುಗುವುದು, ನೀನು ಮರದಡಿಯಲ್ಲಿ ತಂಪಾಗಿ ಕೂತು ನೋಡುವುದು?”

“ನೀನು ಹೇಳಬೇಕಾದ್ದನ್ನು ನಾನು ಯಾಕೆ ಹೇಳುವುದು?” ಎಂದ.

ಇವನಷ್ಟು ಕೆಟ್ಟ ಮನುಷ್ಯನನ್ನು ನಾನು ನೋಡಲಿಲ್ಲ.

ತೀರ್ಮಾನ ಹೀಗೆ: ಇಂಜಿನ್ ದೋಣಿ ಬೇಡ, ಚುಕ್ಕಾಣಿ ದೂಮನಿಗೆ, ಬಂಡೆಯ ಮೇಲೆ ರೂಪೇಶ್ ಮತ್ತು ಅವನ ಡ್ರೋನ್. ನನಗೆ ಒಂದು ವರ್ಷ ಹಗ್ಗ. ತೆಂಕು ಬದಿಯ ಹಗ್ಗ, ಕೊನೆಯ ಜಾಗ. ಮೂವತ್ತೊಂದು ವರ್ಷದ ಬಂಡೆ ಅರ್ಧ ಗಂಟೆಯಲ್ಲಿ ಹೋಯಿತು.

ಆಗಸ್ಟ್ ೪, ಸೋಮವಾರ

ರಾತ್ರಿ ಒಂಬತ್ತೂವರೆಗೆ ಮಲಗಿದವನು ಬೆಳಿಗ್ಗೆ ಎಂಟಕ್ಕೆ ಎದ್ದೆ. ಪುಷ್ಪಾವತಿ ಮೂಗಿನ ಹತ್ತಿರ ಕೈ ಇಟ್ಟು ಉಸಿರು ನೋಡುತ್ತಿದ್ದಳು.

ಮಂದಿರದ ಚಹಾದಲ್ಲಿ ಯಾರೋ ಏನೋ ಹಾಕಿರಬೇಕು.

ಆಗಸ್ಟ್ ೯, ಶನಿವಾರ

ನೂಲು ಹುಣ್ಣಿಮೆ. ಕಡಲಿಗೆ ಹಾಲು ಎರೆದು ತೆಂಗಿನಕಾಯಿ ಬಿಟ್ಟೆವು. ದೂಮ ಪಕ್ಕದಲ್ಲಿ ನಿಂತಿದ್ದ. “ಕಾಯಿ ಎಸೆಯುವುದು ಹಾಗಲ್ಲ” ಎಂದ. “ನಿನ್ನ ಅಪ್ಪ ನನಗೆ ಕಲಿಸಿದ್ದು” ಎಂದೆ. “ಅವರಿಗೂ ಗೊತ್ತಿರಲಿಲ್ಲ” ಎಂದ. ಮನೆಗೆ ಬಂದು ಹೊಟ್ಟೆ ತುಂಬ ಬೂತಾಯಿ ಪುಳಿಮುಂಚಿ ತಿಂದೆ. ಮಧ್ಯಾಹ್ನವೂ ಮಲಗಿದೆ. ಈ ವಾರ ಗಾಳಿ ತಂಪು ಉಂಟು, ಅದಕ್ಕೆ ಇರಬಹುದು.

ಆಗಸ್ಟ್ ೨೧, ಗುರುವಾರ

ವರ್ಷದ ಮೊದಲ ಬಲೆ. ರೂಪೇಶ್ ಬಂಡೆಯ ಮೇಲೆ, ಡ್ರೋನ್ ಆಕಾಶದಲ್ಲಿ, ಎರಡು ಗಿಡುಗ ಅದರ ಹಿಂದೆ. ದೋಣಿಗೆ ಫೋನ್ ಮಾಡುತ್ತೇನೆ ಎಂದದ್ದಕ್ಕೆ ದೂಮ ಒಪ್ಪಲಿಲ್ಲ, ಎತ್ತುವುದಿದ್ದರೆ ಎತ್ತು, ಇಲ್ಲದಿದ್ದರೆ ಇಳಿ ಎಂದ. ರೂಪೇಶ್ ಕೊರಳಿಗೆ ಬೈರಾಸು ಹಾಕಿಕೊಂಡು, ಬೆವರು ಸುರಿದರೂ ಒರೆಸದೆ ನಿಂತಿದ್ದ.

ಒಮ್ಮೆ ಓಡಿ ಬಂದು ಫೋನ್ ನನ್ನ ಮುಖಕ್ಕೆ ಹಿಡಿದ. ನಾನು ಹಗ್ಗದ ಕೊನೆಯಲ್ಲಿ ಇದ್ದೆ.

“ವಾಸಣ್ಣ, ಇದು ಮೀನಾ, ಮೋಡವಾ?”

ನೋಡಿದೆ. ಗೊತ್ತಾಯಿತು. “ಬಂಡೆಯ ಮೇಲೆ ಇರುವವನು ನೀನು. ನೀನು ಎತ್ತಿದರೆ ನಾವು ಎಳೆಯುತ್ತೇವೆ” ಎಂದೆ.

“ಹೇಳಿ ಮಾರಾಯ್ರೆ, ಒಂದು ಸಲ.”

“ಗಾಳಿ ಯಾವ ಕಡೆಗೆ ಉಂಟು?”

“ಬಡಗಿನಿಂದ ತೆಂಕಿಗೆ.”

“ಈ ಕಪ್ಪು ಯಾವ ಕಡೆಗೆ ಹೋಗುತ್ತಿದೆ?”

ಅವನು ಫೋನು ನೋಡಿದ, ಆಕಾಶ ನೋಡಿದ, ಮತ್ತೆ ಬಂಡೆಗೆ ಓಡಿದ. ಎತ್ತಿದ. ಎಳೆದೆವು. ಹದಿನಾಲ್ಕು ಬುಟ್ಟಿ ಬೂತಾಯಿ. ಅಂತಹ ದೊಡ್ಡ ಬಲೆಯೇನಲ್ಲ. ಅಂಗೈಯ ಸಿಪ್ಪೆ ಎದ್ದಿದೆ, ಪೆನ್ನು ಹಿಡಿಯಲಿಕ್ಕೆ ಆಗುವುದಿಲ್ಲ.

ಆಗಸ್ಟ್ ೨೬, ಮಂಗಳವಾರ

ಡಾಕ್ಟರಮ್ಮ ಬರಲಿಕ್ಕೆ ಹೇಳಿದ್ದರು. ಹೋದೆ. ನಾಲಗೆ ನೋಡಿದರು, ನಾಡಿ ನೋಡಿದರು. “ನಿಮಗೆ ಈಗ ನಿದ್ದೆ ಬರುತ್ತಿದೆ” ಎಂದರು. ನಾನು ಹೇಳುವುದಕ್ಕೆ ಮುಂಚೆಯೇ.

ಆರು ಕುರ್ಚಿ ಹಾಗೆಯೇ ಇತ್ತು. ಕೊನೆಗೆ ಸಂಕೋಚದಿಂದ ಕೇಳಿದರು. “ವಾಸಣ್ಣ, ನೀವು ಒಂದು ನಿಮಿಷ ಮಾತಾಡಿದರೆ ಫೋನಿನಲ್ಲಿ ಹಾಕುತ್ತಿದ್ದೆ. ಜನಕ್ಕೆ ಗೊತ್ತಾಗಬೇಕಲ್ಲ.” ಫೋನನ್ನು ಪುಸ್ತಕಕ್ಕೆ ಒರಗಿಸಿ ಇಟ್ಟು ಎದುರಿನಿಂದ ಕೇಳಿದರು.

“ನಿಮಗೆ ಎಷ್ಟು ಸಮಯದಿಂದ ನಿದ್ದೆ ಇರಲಿಲ್ಲ?”

“ಏಳು ತಿಂಗಳು.”

“ಈಗ?”

“ಈಗ ಎಬ್ಬಿಸಬೇಕಾಗುತ್ತದೆ.”

“ಯಾವುದರಿಂದ ಸರಿಯಾಯಿತು?”

ಮಂದಿರ ಕಂಡಿತು, ಕಂಬ ಕಂಡಿತು, ದೂಮನ ಮುಖ ಕಂಡಿತು. ಮತ್ತೆ ಆ ಆರು ಖಾಲಿ ಕುರ್ಚಿ ಕಂಡಿತು.

“ಸೂಜಿಯಿಂದ” ಎಂದೆ. ಸಾಲದು ಎಂದು ಕಂಡಿತು. “ಕಾಪುವಿನ ವಾಸು ಹೇಳುವುದು. ನನಗೆ ನಂಬಿಕೆ ಇರಲಿಲ್ಲ. ಈ ಡಾಕ್ಟರರಿಗೆ ನಾಲಗೆ ನೋಡಿದರೆ ಸಾಕು, ಒಳಗಿನದ್ದೆಲ್ಲ ಗೊತ್ತಾಗುತ್ತದೆ. ಬನ್ನಿ. ಕುರ್ಚಿ ಉಂಟು.”

ಫೋನು ಆಫ್ ಮಾಡಿ ಅವರು ನನ್ನನ್ನೇ ನೋಡಿದರು. “ಈಗ ನಿಜ ಹೇಳಿ.”

“ಎಷ್ಟು ಸಲ ಕೇಳುತ್ತೀರಿ?” ಎಂದು ಎದ್ದು ಬಂದೆ.

ಉಡುಪಿಯಲ್ಲಿ ಮಂಗಳೂರು ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತೆ. ಕಟಪಾಡಿ ಬಂದದ್ದು ನೆನಪಿಲ್ಲ. ಕಾಪು ಬಂದು ಹೋದದ್ದೂ ಗೊತ್ತಿಲ್ಲ. ಕಂಡಕ್ಟರ್ ಹೆಗಲು ಅಲ್ಲಾಡಿಸುವಾಗ ಹೊರಗೆ ಯಾವುದೋ ಊರು, ಬಟ್ಟೆ ಅಂಗಡಿ, ಬಿಸಿಲು. ಎದುರು ಬಸ್ಸು ಹಿಡಿದು ಮನೆಗೆ ಮುಟ್ಟುವಾಗ ನಾಲ್ಕು ಗಂಟೆ.

“ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದದ್ದು?” ಎಂದಳು ಪುಷ್ಪಾವತಿ.

“ಪಡುಬಿದ್ರಿಗೆ.”

“ಅಲ್ಲಿಗೆ ಎಂತಕ್ಕೆ?”

“ಮಲಗಲಿಕ್ಕೆ” ಎಂದೆ.